ಕಂಪ್ಯೂಟರ್ ಪ್ರಶ್ನೋತ್ತರ: ಗಡಿಯಾರ ಎಷ್ಟು ತಪ್ಪಿದೆ, ಯಾವಾಗ ತಪ್ಪುತ್ತದೆ?

ಈ ಸಲದ ಪತ್ರಗಳಲ್ಲಿ ಗಡಿಯಾರದ ದೂರು ಜಾಸ್ತಿ. ಘಾಟ್ಕೋಪರ್‌ನಿಂದ ವಾಸ್ಕೊವರೆಗೆ ಎಲ್ಲರೂ ಬರೆದಿರುವುದು ಒಂದೇ ಮಾತು, "ಟೈಮ್ ತಪ್ಪು ತೋರಿಸುತ್ತೆ." ಆದರೆ ಓದಿ ನೋಡಿದರೆ ಒಬ್ಬೊಬ್ಬರದು ಒಂದೊಂದು ಕಾರಣ. ಅದಕ್ಕೇ ಮೊದಲು ಒಂದು ವಿನಂತಿ. ಗಡಿಯಾರ ತಪ್ಪಿದ್ದು ಕಂಡ ತಕ್ಷಣ ಸರಿ ಮಾಡಲು ಹೋಗಬೇಡಿ. ಮೊಬೈಲನ್ನು ಪಕ್ಕದಲ್ಲಿ ಹಿಡಿದು ಎಷ್ಟು ವ್ಯತ್ಯಾಸ ಇದೆ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಯಾವಾಗ ತಪ್ಪಿತು ಅಂತಲೂ ಬರೆಯಿರಿ: ರಾತ್ರಿ ಆಫ್ ಮಾಡಿದ ಮೇಲೋ, ಓಡುತ್ತಿರುವಾಗಲೋ, ವಿಂಡೋಸ್ ಹೊಸದಾಗಿ ಹಾಕಿಸಿದ ಮೇಲೋ. ಆ ಎರಡು ಸಾಲು ಕೈಯಲ್ಲಿದ್ದರೆ ಅರ್ಧ ರಿಪೇರಿ ಆದ ಹಾಗೆ.

ಪ್ರಶ್ನೆ: ಸರ್, ಘಾಟ್ಕೋಪರ್‌ನಲ್ಲಿ ನಮ್ಮದೊಂದು ಸಣ್ಣ ಹೋಟೆಲ್. ಗಲ್ಲಾದಲ್ಲಿ ಬಿಲ್ ಮಾಡುವ ಕಂಪ್ಯೂಟರ್ ಏಳು ವರ್ಷ ಹಳೆಯದು. ಬೆಳಿಗ್ಗೆ ಐದೂವರೆಗೆ ಬಂದು ಆನ್ ಮಾಡಿದರೆ ತಾರೀಕು 2017ರ ಜನವರಿ 1 ಅಂತ ಬರುತ್ತದೆ. ಕೈಯಿಂದ ಸರಿ ಮಾಡಿದರೆ ದಿನವಿಡೀ ಸರಿಯಾಗಿರುತ್ತದೆ, ಮರುದಿನ ಮತ್ತೆ ಅದೇ ಕತೆ. ಮೊನ್ನೆ ಗಡಿಬಿಡಿಯಲ್ಲಿ ಮರೆತು ನಲವತ್ತು ಬಿಲ್ ಹಳೆಯ ತಾರೀಕಿನಲ್ಲಿ ಹೋದವು. ರಿಪೇರಿಯವರು ಮದರ್‌ಬೋರ್ಡ್ ಹೋಗಿದೆ, ಆರು ಸಾವಿರ ಆಗುತ್ತದೆ ಅಂದರು. ಇಂಟರ್ನೆಟ್ ಇದೆಯಲ್ಲ, ಅದರಿಂದಾದರೂ ತಾನೇ ಸರಿಯಾಗಬೇಡವಾ?

ಉತ್ತರ: ಆರು ಸಾವಿರ ಈಗಲೇ ಕೊಡಬೇಡಿ. ರಾತ್ರಿ ಹೋಟೆಲ್ ಮುಚ್ಚುವಾಗ ಮೇನ್ ಸ್ವಿಚ್ ಆಫ್ ಮಾಡಿ ಹೋಗುತ್ತೀರಿ ಅಲ್ವಾ? ಹಾಗಾದರೆ ನಿಮ್ಮ ಉತ್ತರ ಅಲ್ಲೇ ಇದೆ.

ಪ್ರತಿ ಮದರ್‌ಬೋರ್ಡಿನಲ್ಲೂ ಒಂದು ಪುಟ್ಟ ಗಡಿಯಾರ ಇರುತ್ತದೆ, ಕಂಪ್ಯೂಟರ್ ಬಂದ್ ಇದ್ದಾಗಲೂ ಅದು ಓಡುತ್ತಲೇ ಇರಬೇಕು. ಶಟ್‌ಡೌನ್ ಮಾಡಿದರೂ ಗೋಡೆಯ ಸ್ವಿಚ್ ಆನ್ ಇದ್ದರೆ ಪವರ್ ಸಪ್ಲೈಯಿಂದ ಸ್ವಲ್ಪ ಕರೆಂಟ್ ಬೋರ್ಡಿಗೆ ಬರುತ್ತಿರುತ್ತದೆ, ಗಡಿಯಾರ ಅದರಲ್ಲೇ ನಡೆದುಕೊಂಡು ಹೋಗುತ್ತದೆ. ಮೇನ್ ಸ್ವಿಚ್ ಆಫ್ ಆದರೆ ಮಾತ್ರ ಅದಕ್ಕೆ ಆಸರೆ ಅಂತ ಉಳಿಯುವುದು ಬೋರ್ಡಿನ ಮೇಲಿರುವ ಒಂದು ರೂಪಾಯಿ ನಾಣ್ಯದಂಥ ಸೆಲ್, ಅಂಗಡಿಯಲ್ಲಿ ಸಿಮಾಸ್ ಬ್ಯಾಟರಿ ಅಂತ ಕೇಳಿದರೆ ಕೊಡುತ್ತಾರೆ. ಆ ಸೆಲ್ ಸತ್ತಿದ್ದರೆ ಗಡಿಯಾರ ನಿಂತು, ಬೆಳಿಗ್ಗೆ ಕಾರ್ಖಾನೆಯಲ್ಲಿ ಬರೆದಿಟ್ಟ ತಾರೀಕಿನಿಂದ ಮತ್ತೆ ಶುರು ಮಾಡುತ್ತದೆ. ನಿಮ್ಮ 2017ರ ಜನವರಿ 1 ಬಂದದ್ದು ಹೀಗೆ. ದಿನಾ ರಾತ್ರಿ ಮೇನ್ ಆಫ್ ಮಾಡುವವರ ಸೆಲ್ ಬೇಗ ಮುಗಿಯುತ್ತದೆ. ಹಾಗಂತ ಆಫ್ ಮಾಡುವುದನ್ನು ಬಿಡಬೇಡಿ, ಅಡುಗೆಮನೆ ಇರುವ ಜಾಗದಲ್ಲಿ ಅದು ಒಳ್ಳೆಯ ಅಭ್ಯಾಸ.

ನಂಬಿಕೆ ಬರದಿದ್ದರೆ ಖರ್ಚಿಲ್ಲದ ಪರೀಕ್ಷೆ ಮಾಡಿ. ಒಂದೇ ಒಂದು ರಾತ್ರಿ ಕಂಪ್ಯೂಟರ್ ಶಟ್‌ಡೌನ್ ಮಾಡಿ, ಆದರೆ ಮೇನ್ ಸ್ವಿಚ್ಚೂ ಅದರ ಸ್ವಿಚ್ಚೂ ಆನ್ ಇಡಿ. ಬೆಳಿಗ್ಗೆ ಟೈಮ್ ಸರಿ ಇದ್ದರೆ ಸೆಲ್ಲೇ ಕಾರಣ, ಅನುಮಾನ ಬೇಡ.

ಸೆಲ್ ಹೆಸರು ಸಿಆರ್ 2032. ಆ ಸಂಖ್ಯೆಯಲ್ಲೇ ಅಳತೆ ಇದೆ, 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. 3 ವೋಲ್ಟಿನದು. ನಿಮ್ಮ ಹೋಟೆಲಿನ ಒಂದು ಮಸಾಲೆ ದೋಸೆಯ ದುಡ್ಡಿಗೆ ಬರುತ್ತದೆ. ಇದಕ್ಕಾಗಿ ಗ್ರಾಂಟ್ ರೋಡ್‌ಗೆ ಇಳಿದು ಲ್ಯಾಮಿಂಗ್ಟನ್ ರೋಡ್ ಸುತ್ತಬೇಕಾಗಿಲ್ಲ, ಕೈಗಡಿಯಾರ ರಿಪೇರಿ ಮಾಡುವವರ ಹತ್ತಿರವೂ ಸಿಗುತ್ತದೆ. ಆದರೆ ಬಿಡಿ ಸೆಲ್ ತೆಗೆದುಕೊಳ್ಳಬೇಡಿ, ಕಾರ್ಡಿನಲ್ಲಿ ಸೀಲ್ ಆಗಿರುವುದನ್ನೇ ಕೇಳಿ. ಮಲ್ಟಿಮೀಟರ್ ಇದ್ದವರು ಹಳೆಯ ಸೆಲ್ ಅಳೆದು ನೋಡಿ. 2.8 ವೋಲ್ಟಿಗಿಂತ ಕಡಿಮೆ ಇದ್ದರೆ ಬದಲಾಯಿಸಲೇಬೇಕು.

ಹಾಕುವುದು ಕಷ್ಟವಲ್ಲ, ಆದರೆ ಅವಸರದ ಕೆಲಸವೂ ಅಲ್ಲ. ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತಿಗೆ ಕೂತುಕೊಳ್ಳಿ. ಮೊದಲು ಕಂಪ್ಯೂಟರ್ ಆನ್ ಮಾಡುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಬಯಾಸ್, ಅಂದರೆ ವಿಂಡೋಸ್‌ಗಿಂತ ಮೊದಲು ಬರುವ ಬೋರ್ಡಿನ ಸೆಟ್ಟಿಂಗ್ ಪರದೆಯ ಒಳಗೆ ಹೋಗಿ, ಪ್ರತಿ ಪುಟದ ಫೋಟೋ ಮೊಬೈಲಿನಲ್ಲಿ ತೆಗೆದಿಡಿ. ಸೆಲ್ ತೆಗೆದಾಗ ಅಲ್ಲಿನ ಸೆಟ್ಟಿಂಗ್ ಅಳಿಸಿಹೋಗಬಹುದು, ಹಾರ್ಡ್‌ಡಿಸ್ಕಿನ ಸೆಟ್ಟಿಂಗ್ ಬದಲಾದರೆ ವಿಂಡೋಸ್ ತೆರೆಯುವುದೇ ಇಲ್ಲ. ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಹಾಕಿದ್ದರೆ ಅದರ ರಿಕವರಿ ಕೀಯನ್ನೂ ಬರೆದಿಟ್ಟುಕೊಳ್ಳಿ, ಬಯಾಸ್ ಬದಲಾದರೆ ಅದು ಕೇಳುವ ಸಾಧ್ಯತೆ ಇದೆ. ಆಮೇಲೆ ಶಟ್‌ಡೌನ್ ಮಾಡಿ, ವೈರ್ ಕಿತ್ತು, ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದು ಒಳಗೆ ಉಳಿದ ಕರೆಂಟ್ ಖಾಲಿ ಮಾಡಿ. ಡಬ್ಬದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ, ನಂತರ ಸೆಲ್ ಪಕ್ಕದ ಕ್ಲಿಪ್ಪನ್ನು ಮೆಲ್ಲಗೆ ಸರಿಸಿದರೆ ಸೆಲ್ ತಾನೇ ಮೇಲೆ ಬರುತ್ತದೆ. ಹೊಸದನ್ನು ಅಕ್ಷರ ಇರುವ ಮಗ್ಗುಲು ಮೇಲೆ ಬರುವ ಹಾಗೆ ಕೂರಿಸಿ. ಹಿಡಿಕೆಯ ಲೋಹದಲ್ಲಿ ಹಸಿರು ಅಥವಾ ಬಿಳಿ ಕಿಲುಬು ಕಂಡರೆ ಒರೆಸಿ ತೆಗೆಯಿರಿ. ನಮ್ಮ ಸಮುದ್ರದ ಗಾಳಿಗೆ, ಅದರ ಜೊತೆ ಅಡುಗೆಮನೆಯ ಹಬೆಗೆ ಇದು ಬೇಗ ಹಿಡಿಯುತ್ತದೆ. ಎಷ್ಟೋ ಸಲ ಹೊಸ ಸೆಲ್ ಹಾಕಿದರೂ ಟೈಮ್ ತಪ್ಪುವುದು ಈ ಕಿಲುಬಿನಿಂದಲೇ. ಇದೆಲ್ಲ ಮಾಡಿದ ಮೇಲೂ ತಪ್ಪಿದರೆ ಆಗ ಬೋರ್ಡಿನ ಮಾತು ಆಡಬಹುದು, ಅದಕ್ಕಿಂತ ಮೊದಲಲ್ಲ.

ತೆಗೆದ ಸೆಲ್ಲನ್ನು ಮೇಜಿನ ಮೇಲೆ ಬಿಡಬೇಡಿ. ಇದನ್ನು ನಾನು ಒತ್ತಿ ಹೇಳುತ್ತಿದ್ದೇನೆ. ಚಿಕ್ಕ ಮಕ್ಕಳು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು, ಸತ್ತ ಸೆಲ್ ಆದರೂ ಅಪಾಯವೇ. ಟೇಪ್ ಸುತ್ತಿ ಎತ್ತಿಡಿ.

ಹೊಸ ಸೆಲ್ ಹಾಕಿದ ಮೇಲೆ ಬಯಾಸ್‌ನಲ್ಲೇ ತಾರೀಕು ಹಾಕಿ. ಅಲ್ಲೊಂದು ಎಚ್ಚರ ಬೇಕು. ಬಹಳಷ್ಟು ಬಯಾಸ್‌ಗಳಲ್ಲಿ ಮೊದಲು ತಿಂಗಳು, ಆಮೇಲೆ ದಿನ. ನಾವು ಜುಲೈ 5 ಅಂತ 05/07 ಹಾಕಿದರೆ ಅದು ಮೇ 7 ಅಂತ ತಿಳಿದುಕೊಳ್ಳುತ್ತದೆ.

ಇನ್ನು ಇಂಟರ್ನೆಟ್ ಪ್ರಶ್ನೆ. ನೀವು ಕೇಳಿದ್ದು ನ್ಯಾಯವಾಗಿದೆ. ವಿಂಡೋಸ್ ಇಂಟರ್ನೆಟ್ಟಿನಿಂದ ಟೈಮ್ ತರಿಸಿಕೊಳ್ಳುತ್ತದೆ, ನಿಜ. ಆದರೆ ಮನೆ, ಅಂಗಡಿಯ ಕಂಪ್ಯೂಟರಿನಲ್ಲಿ ಅದಕ್ಕೊಂದು ಮಿತಿ ಇಟ್ಟಿದ್ದಾರೆ, 54,000 ಸೆಕೆಂಡ್, ಅಂದರೆ 15 ಗಂಟೆ. ವ್ಯತ್ಯಾಸ ಅದಕ್ಕಿಂತ ಜಾಸ್ತಿ ಇದ್ದರೆ ಬಂದ ಟೈಮನ್ನೇ ಅನುಮಾನಿಸಿ ಬಿಟ್ಟುಬಿಡುತ್ತದೆ. ನಿಮ್ಮದು ವರ್ಷಗಟ್ಟಲೆ ಹಿಂದೆ ಹೋಗಿದೆ, ಹೇಗೆ ಒಪ್ಪೀತು? ಅದೇ ಕಾರಣಕ್ಕೆ ಬೆಳಿಗ್ಗೆ ಬ್ರೌಸರ್ ತೆರೆದರೆ ಎಲ್ಲ ಸೈಟೂ ಅಸುರಕ್ಷಿತ ಅಂತ ಹೆದರಿಸುತ್ತಿರಬಹುದು. ಪ್ರತಿ ಸೈಟಿನ ಪ್ರಮಾಣಪತ್ರಕ್ಕೂ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ನಿಮ್ಮ ಕಂಪ್ಯೂಟರಿನ ಲೆಕ್ಕದಲ್ಲಿ ಆ ದಿನ ಇನ್ನೂ ಬಂದೇ ಇಲ್ಲ. ಆಗ ವೈರಸ್ ಅಂದುಕೊಂಡು ಗಾಬರಿಯಾಗಬೇಡಿ, ಮೂಲೆಯ ತಾರೀಕು ನೋಡಿ.

ಆ ನಲವತ್ತು ಬಿಲ್ಲುಗಳನ್ನು ಅಳಿಸಿ ಮತ್ತೆ ಮಾಡುವ ಸಾಹಸ ಬೇಡ. ಬಿಲ್ ನಂಬರ್ ಬರೆದಿಟ್ಟು, ನಡೆದದ್ದನ್ನು ನಡೆದ ಹಾಗೆ ನಿಮ್ಮ ಸಿಎ ಅವರಿಗೆ ತಿಂಗಳ ಲೆಕ್ಕಕ್ಕೆ ಮೊದಲೇ ಹೇಳಿ.

ಪ್ರಶ್ನೆ: ಸರ್, ನಾನು ಬೆಳಗಾವಿಯವ, ಪುಣೆಯ ಕೋಥ್ರುಡ್‌ನಲ್ಲಿ ರೂಮ್ ಮಾಡಿಕೊಂಡು ಇಂಜಿನಿಯರಿಂಗ್ ಓದುತ್ತಿದ್ದೇನೆ. ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಜೊತೆ ಉಬುಂಟು ಅನ್ನುವ ಇನ್ನೊಂದು ಆಪರೇಟಿಂಗ್ ಸಿಸ್ಟಮ್ (ಲಿನಕ್ಸ್) ಹಾಕಿದ್ದೇನೆ. ಉಬುಂಟು ಬಳಸಿ ವಿಂಡೋಸ್‌ಗೆ ಬಂದರೆ ಗಡಿಯಾರ ಐದೂವರೆ ತಾಸು ಹಿಂದೆ. ನೀವು ಹಿಂದೊಮ್ಮೆ ಬರೆದದ್ದು ಓದಿ ಸೆಲ್ ಕೂಡ ಬದಲಾಯಿಸಿದೆ, ಏನೂ ಉಪಯೋಗ ಆಗಲಿಲ್ಲ.

ಉತ್ತರ: ಐದೂವರೆ ತಾಸು ಅಂತ ಅಷ್ಟು ಸರಿಯಾಗಿ ಬರೆದಿದ್ದೀರಲ್ಲ, ರೋಗ ಅದೇ ಹೇಳುತ್ತಿದೆ. ಸತ್ತ ಸೆಲ್ ಯಾವತ್ತೂ ಇಷ್ಟು ನಿಖರವಾಗಿ ತಪ್ಪುವುದಿಲ್ಲ. ಐದೂವರೆ ಅಂದರೆ ಭಾರತದ ಸಮಯಕ್ಕೂ ಯುಟಿಸಿ ಅನ್ನುವ ಜಾಗತಿಕ ಸಮಯಕ್ಕೂ ಇರುವ ಅಂತರ.

ಬೋರ್ಡಿನ ಗಡಿಯಾರಕ್ಕೆ ತಾನು ತೋರಿಸುವುದು ಯಾವ ಊರಿನ ಟೈಮ್ ಅಂತ ಗೊತ್ತಿರುವುದಿಲ್ಲ. ವಿಂಡೋಸ್ ಅದನ್ನು ನಮ್ಮೂರಿನ ಟೈಮ್ ಅಂತಲೇ ಓದುತ್ತದೆ. ಲಿನಕ್ಸ್ ಅಲ್ಲಿ ಯುಟಿಸಿ ಬರೆದಿಟ್ಟು, ತೋರಿಸುವಾಗ ಐದೂವರೆ ಸೇರಿಸುತ್ತದೆ. ಉಬುಂಟು ಬಂದ್ ಆಗುವಾಗ ಯುಟಿಸಿ ಬರೆದು ಹೋದರೆ, ಆಮೇಲೆ ಬಂದ ವಿಂಡೋಸ್ ಅದನ್ನೇ ಪುಣೆಯ ಟೈಮ್ ಅಂದುಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಸರಿ ಮಾಡಿ ಉಬುಂಟುಗೆ ಹೋದರೆ ಅಲ್ಲಿ ಐದೂವರೆ ತಾಸು ಮುಂದೆ ಓಡುತ್ತದೆ, ಇಂಟರ್ನೆಟ್ ಸಿಕ್ಕ ಮೇಲೆ ಸರಿಹೋಗುತ್ತದೆ. ಗಮನಿಸಿರಬಹುದು.

ಇಬ್ಬರಲ್ಲಿ ಒಬ್ಬರು ಒಪ್ಪಿಕೊಂಡರೆ ಸಾಕು. ಸುಲಭದ ದಾರಿ ಉಬುಂಟುವಿನಲ್ಲಿದೆ. ಟರ್ಮಿನಲ್ ತೆರೆದು ಟೈಮ್‌ಡೇಟ್‌ಸಿಟಿಎಲ್ ಅನ್ನುವ ಕಮಾಂಡಿಗೆ ಸೆಟ್-ಲೋಕಲ್-ಆರ್‌ಟಿಸಿ ಅಂತ ಸೇರಿಸಿ, ಕೊನೆಗೆ 1 ಹಾಕಿ. ಬೇಡ ಅನಿಸಿದರೆ ಅದೇ ಸಾಲಿನಲ್ಲಿ 1ರ ಬದಲು 0. ಇನ್ನೊಂದು ದಾರಿ ವಿಂಡೋಸ್ ತನ್ನ ಒಳಗಿನ ಸೆಟ್ಟಿಂಗ್ ಬರೆದಿಡುವ ರಿಜಿಸ್ಟ್ರಿಯದು. ಕಂಟ್ರೋಲ್ ಒಳಗಿನ ಟೈಮ್‌ಝೋನ್ ಇನ್ಫರ್ಮೇಶನ್ ಫೋಲ್ಡರಿನಲ್ಲಿ ರಿಯಲ್‌ಟೈಮ್‌ಈಸ್‌ಯುನಿವರ್ಸಲ್ ಅಂತ, ನಡುವೆ ಜಾಗ ಬಿಡದೆ, ಒಂದು ಡಿವರ್ಡ್, ಅಂದರೆ ಸಂಖ್ಯೆ ಇಡುವ ನಮೂದು, ಮಾಡಿ ಅದಕ್ಕೆ 1 ಕೊಡಬೇಕು. ಲಿನಕ್ಸ್ ಬಲ್ಲವರು ಮೊದಲನೆಯ ದಾರಿ ಬೇಡ ಅನ್ನುತ್ತಾರೆ. ಬೇಸಿಗೆಗೆ ಒಂದು ತಾಸು ಗಡಿಯಾರ ಮುಂದೆ ತಳ್ಳುವ ದೇಶಗಳಲ್ಲಿ ಅವರ ಮಾತು ಸರಿ, ಎರಡೂ ಕಡೆಯಿಂದ ಒಂದೊಂದು ತಾಸು ಸೇರಿ ಗೊಂದಲ ಆಗುತ್ತದೆ. ನಮ್ಮಲ್ಲಿ ಆ ಪದ್ಧತಿ ಇಲ್ಲ. ಆದ್ದರಿಂದ ಪುಣೆಯಲ್ಲಿ ಕೂತವರಿಗೆ ನಾನು ಮೊದಲನೆಯದನ್ನೇ ಹೇಳುತ್ತೇನೆ, ರಿಜಿಸ್ಟ್ರಿಗೆ ಕೈ ಹಾಕುವುದು ತಪ್ಪುತ್ತದೆ. ಎರಡನ್ನೂ ಒಟ್ಟಿಗೆ ಮಾಡಿದರೆ ಮಾತ್ರ ಮತ್ತೆ ಐದೂವರೆಗೇ ಬಂದು ನಿಲ್ಲುತ್ತೀರಿ.

ಸೆಲ್ ಬದಲಾಯಿಸಿದ್ದು ವ್ಯರ್ಥ ಅಂತ ಬೇಜಾರಾಗಬೇಡಿ, ಇನ್ನು ಕೆಲವು ವರ್ಷ ಆ ಚಿಂತೆ ಇಲ್ಲ.

ಪ್ರಶ್ನೆ: ವಾಸ್ಕೊದಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿದ್ದೇನೆ. ಕಂಪ್ಯೂಟರಿಗೆ ವಿಂಡೋಸ್ ಹೊಸದಾಗಿ ಹಾಕಿಸಿದಾಗಿನಿಂದ ಗಡಿಯಾರ ಹನ್ನೆರಡೂವರೆ ಗಂಟೆ ಹಿಂದೆ ಇದೆ. ಸರಿ ಮಾಡಿದರೂ ಸ್ವಲ್ಪ ಹೊತ್ತಿಗೆ ಮತ್ತೆ ಹಿಂದೆ ಹೋಗುತ್ತದೆ.

ಉತ್ತರ: ಅಕ್ಕಾ, ಟೈಮ್ ಮುಟ್ಟಬೇಡಿ, ಟೈಮ್ ಝೋನ್ ಬದಲಾಯಿಸಿ. ಹೊಸದಾಗಿ ಹಾಕಿದ ವಿಂಡೋಸ್ ಅಮೆರಿಕದ ಪಶ್ಚಿಮ ಕರಾವಳಿಯ ಸಮಯದಲ್ಲೇ ಉಳಿದುಬಿಟ್ಟಿದೆ. ನಮಗೂ ಅವರಿಗೂ ಬೇಸಿಗೆಯಲ್ಲಿ ಹನ್ನೆರಡೂವರೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಅಂತರ. ನೀವು ಕೈಯಿಂದ ತಿದ್ದಿದ್ದನ್ನು ಇಂಟರ್ನೆಟ್ ಮತ್ತೆ ಅಮೆರಿಕಕ್ಕೆ ಸರಿ ಮಾಡುತ್ತಿದೆ ಅಷ್ಟೆ.

ಸೆಟ್ಟಿಂಗ್ಸ್‌ನಲ್ಲಿ ಟೈಮ್ ಆಂಡ್ ಲ್ಯಾಂಗ್ವೇಜ್, ಅದರಲ್ಲಿ ಡೇಟ್ ಆಂಡ್ ಟೈಮ್. ಟೈಮ್ ಝೋನ್ ಪಟ್ಟಿಯಲ್ಲಿ ಚೆನ್ನೈ, ಕೋಲ್ಕತಾ, ಮುಂಬಯಿ, ನ್ಯೂ ಡೆಲ್ಲಿ ಅಂತ ಇರುವ ಸಾಲು ಆರಿಸಿ. ಅದರ ಹತ್ತಿರವೇ ಶ್ರೀ ಜಯವರ್ಧನಪುರ ಅಂತ ಇನ್ನೊಂದು ಐದೂವರೆ ಇದೆ, ಅದು ಶ್ರೀಲಂಕಾದ್ದು. ಟೈಮ್ ಒಂದೇ ಆದರೂ ನಮ್ಮದನ್ನೇ ಆರಿಸಿ. ಆಮೇಲೆ ಸಿಂಕ್ ನೌ ಒತ್ತಿ. ಸಿಂಕ್ ಆಗುವುದಿಲ್ಲ ಅಂದರೆ ಸರ್ವಿಸಸ್ ಪಟ್ಟಿಯಲ್ಲಿ ವಿಂಡೋಸ್ ಟೈಮ್ ಅಂತ ಇರುತ್ತದೆ, ಅದನ್ನು ಆಟೋಮ್ಯಾಟಿಕ್‌ಗೆ ಹಾಕಿ ಸ್ಟಾರ್ಟ್ ಮಾಡಿ. ಐದು ನಿಮಿಷದ ಕೆಲಸ, ಯಾರನ್ನೂ ಕರೆಸಬೇಡಿ.

ಪ್ರಶ್ನೆ: ಮಾಟುಂಗದಲ್ಲಿರುವ ನನಗೆ 81 ವರ್ಷ. ನನ್ನ ಹಳೆಯ ಕಂಪ್ಯೂಟರಿಗೆ ಇಂಟರ್ನೆಟ್ ಇಲ್ಲ, ಬರವಣಿಗೆಗೆ ಮಾತ್ರ ಬಳಸುತ್ತೇನೆ. ತಿಂಗಳಿಗೆ ಸುಮಾರು ಒಂದು ನಿಮಿಷ ಹಿಂದೆ ಬೀಳುತ್ತದೆ. ಇದು ಹಾಳಾಗುವ ಲಕ್ಷಣವೇ? ಇನ್ನೊಂದು ಕೇಳಬೇಕಿತ್ತು. ನಮ್ಮ ತಂದೆ ಮುಂಬಯಿಗೆ ಬೇರೆಯೇ ಟೈಮ್ ಇತ್ತು ಅನ್ನುತ್ತಿದ್ದರು. ಅದು ನಿಜವೇ?

ಉತ್ತರ: ಹಿರಿಯರೇ, ನಿಮ್ಮ ಕಂಪ್ಯೂಟರ್ ಆರೋಗ್ಯವಾಗಿದೆ. ಒಳಗಿನ ಗಡಿಯಾರ ನಡೆಯುವುದು ಒಂದು ಸಣ್ಣ ಕ್ವಾರ್ಟ್ಜ್ ಹರಳಿನಿಂದ, ಕೈಗಡಿಯಾರದಲ್ಲಿ ಇರುವಂಥದ್ದೇ. ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಒಂದು ಸಿಗುತ್ತದೆ, ಅದಕ್ಕೇ ಆ ಅಳತೆ. ಇಂಥ ಹರಳಿನಲ್ಲಿ ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು ತಪ್ಪು ಸಾಮಾನ್ಯ. ಲೆಕ್ಕ ಹಾಕಿದರೆ ದಿನಕ್ಕೆ 1.7 ಸೆಕೆಂಡ್, ತಿಂಗಳಿಗೆ ಹೆಚ್ಚುಕಡಿಮೆ 50 ಸೆಕೆಂಡ್. ಸೆಖೆ, ಚಳಿಗೂ ಅದು ಸ್ವಲ್ಪ ಬದಲಾಗುತ್ತದೆ. ಉಳಿದವರ ಕಂಪ್ಯೂಟರಿನಲ್ಲೂ ಇದೇ ತಪ್ಪು ಇರುತ್ತದೆ, ಇಂಟರ್ನೆಟ್ ಮುಚ್ಚಿಹಾಕುತ್ತದೆ ಅಷ್ಟೆ. ನೀವು ಒಂದನೇ ತಾರೀಕಿಗೆ ಕ್ಯಾಲೆಂಡರ್ ಹಾಳೆ ತಿರುಗಿಸುವಾಗ ಗಡಿಯಾರವನ್ನೂ ತಿದ್ದಿಕೊಳ್ಳಿ. ತಿಂಗಳಿಗೆ ಒಂದು ನಿಮಿಷ ಇದ್ದದ್ದು ದಿನಕ್ಕೆ ಹತ್ತು ನಿಮಿಷ ಆದರೆ ಆಗ ಸೆಲ್ ನೋಡಿಸಿ, ಸಾಯುವ ಮೊದಲು ಅದು ಹೀಗೆ ನಿಧಾನ ಆಗುವುದುಂಟು.

ತಂದೆಯವರು ಹೇಳಿದ್ದು ಪೂರ್ತಿ ನಿಜ. 1906ರ ಜನವರಿ 1ರಿಂದ ಇಡೀ ದೇಶಕ್ಕೆ ಒಂದೇ ಸಮಯ ಬಂತು, ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ಮುಂಬಯಿ ಅದಕ್ಕಿಂತ ಪಶ್ಚಿಮಕ್ಕಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಸುಮಾರು 39 ನಿಮಿಷ ತಡ. ಆ 39 ನಿಮಿಷ ಹಿಂದಿನ ಬಾಂಬೆ ಟೈಮನ್ನು ಈ ಊರು ಅಷ್ಟು ಸುಲಭಕ್ಕೆ ಬಿಡಲಿಲ್ಲ, ಹೊಸ ಟೈಮ್ ಬಂದ ಮೇಲೂ ದಶಕಗಳ ಕಾಲ ಅದು ಬಳಕೆಯಲ್ಲಿತ್ತು. ಕಲ್ಕತ್ತೆಗೂ ಹಾಗೇ ತನ್ನದೇ ಟೈಮ್ ಇತ್ತು, ಭಾರತದ ಸಮಯಕ್ಕಿಂತ 23 ನಿಮಿಷ ಮುಂದೆ. ಈಗ ವಿಂಡೋಸ್ ಪಟ್ಟಿಯಲ್ಲಿ ಎರಡೂ ಊರು ಒಂದೇ ಸಾಲಿನಲ್ಲಿವೆ. ಲಿನಕ್ಸ್‌ನಲ್ಲಂತೂ ನಮ್ಮೆಲ್ಲರ ಝೋನ್ ಹೆಸರು ಏಷ್ಯಾ/ಕೋಲ್ಕತಾ, ಮುಂಬಯಿಯ ಹೆಸರೇ ಇಲ್ಲ. ಆ 39 ನಿಮಿಷವನ್ನು ನೋಡಿ ಬೆಳೆದವರ ಮಾತು ಕೇಳಿದವರು ನೀವು. ತಂದೆಯವರು ಹೇಳಿದ್ದನ್ನು ನಿಮ್ಮ ಕಂಪ್ಯೂಟರಿನಲ್ಲಿ ಬರೆದಿಡಿ, ದಯವಿಟ್ಟು. ನಮಗೆ ಕಳಿಸಿದರೆ ಇನ್ನೂ ಸಂತೋಷ.

ಪ್ರಶ್ನೆ: ಥಾಣೆಯ ನಮ್ಮ ಹೌಸಿಂಗ್ ಸೊಸೈಟಿಗೆ ನಾನು ಸೆಕ್ರೆಟರಿ. ಸಿಸಿಟಿವಿಯ ಚಿತ್ರ ರೆಕಾರ್ಡ್ ಮಾಡುವ ಯಂತ್ರ, ಡಿವಿಆರ್, 22 ನಿಮಿಷ ಮುಂದೆ ಓಡುತ್ತಿದೆ. ಪಾರ್ಕಿಂಗ್‌ನಲ್ಲಿ ಬೈಕ್ ಕಳವಾಗಿ ಪೊಲೀಸರು ರೆಕಾರ್ಡಿಂಗ್ ಕೇಳಿದ್ದಾರೆ. ಟೈಮ್ ಸರಿ ಮಾಡಿ ಕೊಡಬಹುದಾ?

ಉತ್ತರ: ಬೇಡ, ರೆಕಾರ್ಡಿಂಗ್ ಕಾಪಿ ಆಗುವ ಮೊದಲು ಏನನ್ನೂ ಬದಲಾಯಿಸಬೇಡಿ. ಡಿವಿಆರ್ ಪರದೆ ಮತ್ತು ನಿಮ್ಮ ಮೊಬೈಲಿನ ಟೈಮ್ ಎರಡೂ ಒಟ್ಟಿಗೆ ಕಾಣುವ ಹಾಗೆ ಒಂದು ಫೋಟೋ ತೆಗೆಯಿರಿ. ಯಂತ್ರ ಇಷ್ಟು ನಿಮಿಷ ಮುಂದಿದೆ ಅಂತ ಬರೆದು ರೆಕಾರ್ಡಿಂಗ್ ಜೊತೆಗೇ ಪೊಲೀಸರಿಗೆ ಕೊಡಿ. ಇಲ್ಲದಿದ್ದರೆ ಅವರು ರಾತ್ರಿ 2 ಗಂಟೆ ಅಂತ ಹುಡುಕುತ್ತಾರೆ, ಕಳ್ಳ ಇರುವುದು 2 ಗಂಟೆ 22 ನಿಮಿಷದ ಚಿತ್ರದಲ್ಲಿ.

ಅದಾದ ಮೇಲೆ ಡಿವಿಆರ್ ಮೆನುವಿನಲ್ಲಿ ಎನ್‌ಟಿಪಿ ಅಂತ ಹುಡುಕಿ ಆನ್ ಮಾಡಿ. ಇಂಟರ್ನೆಟ್ಟಿನಿಂದ ಟೈಮ್ ತರಿಸುವ ವ್ಯವಸ್ಥೆ ಅದು, 1985ರಿಂದ ಇದೆ. ಸರ್ವರ್ ಹೆಸರು ಕೇಳಿದರೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದನ್ನೇ ಹಾಕಿ: ಟೈಮ್ ಡಾಟ್ ಎನ್‌ಪಿಎಲ್‌ಇಂಡಿಯಾ ಡಾಟ್ ಓಆರ್‌ಜಿ. ಭಾರತದ ಅಧಿಕೃತ ಸಮಯ ಕಾಪಾಡುವುದು ಅವರೇ. ಝೋನ್ ಐದೂವರೆ ಇದೆಯಾ ನೋಡಿ, ಬೇಸಿಗೆ ಸಮಯ ಅಂದರೆ ಡಿಎಸ್‌ಟಿ ಆಫ್ ಇರಲಿ. ಡಿವಿಆರ್‌ಗೆ ಇಂಟರ್ನೆಟ್ ಕೊಟ್ಟಿಲ್ಲ ಅಂದರೆ ವಾಚ್‌ಮನ್ ಹತ್ತಿರ ವಾರಕ್ಕೊಮ್ಮೆ ನೋಡಿಸಿ ರಿಜಿಸ್ಟರಿನಲ್ಲಿ ಬರೆಸಿ.

ಪ್ರಶ್ನೆ: ಮೀರಾ ರೋಡಿನಿಂದ ಬರೆಯುತ್ತಿದ್ದೇನೆ. ಆಫೀಸಿನ ಲಾಗಿನ್‌ಗೆ ಮೊಬೈಲ್ ಆ್ಯಪ್‌ನಲ್ಲಿ ಆರು ಅಂಕಿಯ ಕೋಡ್ ಬರುತ್ತದೆ. ಎರಡು ದಿನದಿಂದ ಎಷ್ಟು ಸಲ ಹಾಕಿದರೂ ತಪ್ಪು ಅನ್ನುತ್ತಿದೆ. ಪಾಸ್‌ವರ್ಡ್ ಬದಲಾಯಿಸಿದೆ, ಪ್ರಯೋಜನ ಇಲ್ಲ.

ಉತ್ತರ: ಇದೂ ಗಡಿಯಾರದ್ದೇ ಇರಬಹುದು. ಇಂಥ ಆ್ಯಪ್‌ಗಳು ಸಾಮಾನ್ಯವಾಗಿ ಫೋನಿನ ಟೈಮ್ ನೋಡಿ ಪ್ರತಿ 30 ಸೆಕೆಂಡಿಗೆ ಹೊಸ ಕೋಡ್ ಮಾಡುತ್ತವೆ, ಅತ್ತ ಆಫೀಸಿನ ಸರ್ವರ್ ತನ್ನ ಟೈಮಿನಿಂದ ಅದೇ ಲೆಕ್ಕ ಮಾಡುತ್ತದೆ. ಎರಡು ಗಡಿಯಾರಗಳ ನಡುವೆ ಒಂದೆರಡು ನಿಮಿಷ ವ್ಯತ್ಯಾಸ ಬಂದರೆ ಕೋಡ್ ಹೊಂದುವುದಿಲ್ಲ. ಫೋನಿನ ಟೈಮನ್ನು ನೀವೇ ಐದು ನಿಮಿಷ ಮುಂದೆ ಇಟ್ಟಿದ್ದೀರಾ ನೋಡಿ, ಬೆಳಿಗ್ಗೆಯ ಲೋಕಲ್ ತಪ್ಪಬಾರದು ಅಂತ ನಮ್ಮಲ್ಲಿ ಬಹಳ ಮಂದಿ ಹಾಗೆ ಇಡುತ್ತಾರೆ. ಆಟೋಮ್ಯಾಟಿಕ್ ಟೈಮ್ ಆನ್ ಮಾಡಿ, ಹೊಸ ಕೋಡ್ ಬರುವವರೆಗೆ ಕಾದು ಅದನ್ನು ಹಾಕಿ. ಲೋಕಲ್‌ಗೆ ಬೇಕಾದರೆ ಅಲಾರ್ಮನ್ನು ಐದು ನಿಮಿಷ ಮುಂಚೆ ಇಟ್ಟುಕೊಳ್ಳಿ.